ಅಮ್ಮನ ಮಣ್ಣಿಗೆ ನಾಲ್ಕು ಒಪ್ಪಿಗೆ

ಅಮ್ಮ ತೀರಿಕೊಂಡದ್ದು ಮೇ ತಿಂಗಳ ಒಂದು ಬೆಳಿಗ್ಗೆ, ಮಿಡಿಗೇಶಿ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ. ಆ ಸೆಕೆಯಲ್ಲಿ ಹೆಣ ಸಂಜೆಯವರೆಗೆ ತಡೆಯುವುದೇ ಹೆಚ್ಚು. ಅವಳಿಗಿದ್ದ ಆಸೆ ಒಂದೇ, ಅಪ್ಪನ ಪಕ್ಕದಲ್ಲಿ ಮಲಗಬೇಕು. ಊರಾಚೆ ನಮ್ಮ ಕ್ರೈಸ್ತ ಸಭೆಯ ಸಮಾಧಿ ಜಾಗದಲ್ಲಿ ಅಪ್ಪನ ಎಡಕ್ಕೆ ಒಬ್ಬರಿಗಾಗುವಷ್ಟು ನೆಲ ಖಾಲಿ ಇತ್ತು. "ಇದು ನಂದು ಕಣಮ್ಮ, ಯಾರಿಗೂ ಬುಟ್ಕೊಡ್ಬ್ಯಾಡ" ಎಂದು ಎಷ್ಟೋ ಸಲ ಹೇಳಿದ್ದಳು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ನಮ್ಮ ಪುಟ್ಟ ಸಭೆಗಳಿಗೆ ಇರುವುದು ಒಬ್ಬರೇ ಸಭಾಪಾಲಕರು. ಹಿಂದಿನ ಅಯ್ಯನವರದು ಆಡಿದ್ದೇ ಆಟ. ಯಾರು ಕೀರ್ತನೆ ಹಾಡಬೇಕು, ಯಾರ ಮದುವೆ ಯಾವತ್ತು, ಎಲ್ಲಕ್ಕೂ ಅವರದೇ ಬಾಯಿ. ನಮಗೂ ಸಾಕಾಗಿಹೋಗಿತ್ತು. ಹೊಸ ಅಯ್ಯನವರು ಬಂದು, "ನಾನೊಬ್ಬನೇ ಇನ್ನು ಏನೂ ತೀರ್ಮಾನ ಮಾಡೋದಿಲ್ಲ. ತಾಲ್ಲೂಕಿಗೆ ಒಬ್ಬರಂತೆ ಹಿರಿಯರಿರಲಿ, ನಾಲ್ವರೂ ಒಪ್ಪಿದರೆ ಮಾತ್ರ ಕೆಲಸ" ಎಂದಾಗ ನನ್ನ ಕಣ್ಣು ತುಂಬಿ ಬಂದಿತ್ತು. ಖುಷಿಯಿಂದ ಕೈಯೆತ್ತಿದವರಲ್ಲಿ ನಾನೂ ಇದ್ದೆ. ಈಗಲೂ ಅವರ ಮಾತು ತಪ್ಪು ಅನ್ನುವುದಿಲ್ಲ. ಆ ನಾಲ್ವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಅದೇ ನನ್ನ ಕರ್ಮ.

ಫೋನ್ ಮಾಡಿದಾಗ ಅಯ್ಯನವರು ಬಲಸಮುದ್ರದಲ್ಲಿ ಯಾರದೋ ಮನೆ ಪ್ರಾರ್ಥನೆಯಲ್ಲಿದ್ದರು. ಫೋನಿನಲ್ಲೇ ನನಗಾಗಿ ಪ್ರಾರ್ಥಿಸಿದರು, ಅತ್ತರು. ಆಮೇಲೆ ಮೆತ್ತಗೆ, "ಅಮ್ಮಾ, ತಾಯಿಯವರು ಎರಡು ವರ್ಷದಿಂದ ಸಭೆಗೆ, ಕರ್ತನ ಭೋಜನಕ್ಕೆ ಬಂದಿರಲಿಲ್ಲ ಅಲ್ವಾ. ಆ ವಿಷಯ ಇನ್ನೂ ಹಿರಿಯರ ಮುಂದಿದೆ. ನಾನೊಬ್ಬನೇ ಸಮಾಧಿ ಜಾಗದ ಗೇಟು ತೆಗೆಸೋ ಹಾಗಿಲ್ಲ. ಅವರನ್ನೂ ಒಂದು ಮಾತು ಕೇಳಿಬಿಡೋಣ" ಎಂದರು.

ಆ ವಿಷಯ ಇಷ್ಟೇ. ನಮ್ಮ ಪಕ್ಕದ ಕುರಿ ಸಾಕುವ ಮನೆಯ ಅಜ್ಜಿಗೆ ಗೊರವನಹಳ್ಳಿಯ ದೇವಸ್ಥಾನದಲ್ಲಿ ಹರಕೆ ಇತ್ತು, ಒಬ್ಬಳೇ ಬಸ್ಸು ಹತ್ತಲು ಮಂಡಿನೋವು. ಅಮ್ಮ ಜೊತೆಗೆ ಹೋದಳು, ಅಲ್ಲೇ ಅವಳ ಪಕ್ಕ ಕೂತು ಉಂಡು ಬಂದಳು. ಯಾರೋ ನೋಡಿದರು. ಸಭೆಯಲ್ಲಿ ಗುಸುಗುಸು ಎದ್ದಿತು. "ಅವಳ ಜತೇಲಿ ಉಂಡಿದ್ದೇ ತಪ್ಪಾದ್ರೆ ನಾನು ಬರಾಕಿಲ್ಲ ಬುಡು" ಎಂದು ಅಮ್ಮ ಮನೆಯಲ್ಲೇ ಕೂತುಬಿಟ್ಟಳು. ಹಟಮಾರಿ. ಆ ಹಟವನ್ನು ನನಗೂ ಕೊಟ್ಟೇ ಹೋದಳು.

ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಶಿರಾದ ಹಿರಿಯರು ಟೈಲರ್. "ನಂದೇನೂ ಅಡ್ಡಿ ಇಲ್ಲಮ್ಮ. ಕೊರಟಗೆರೆ ಮೇಷ್ಟ್ರು ಏನಂದ್ರು?" ಎಂದರು. ಕೊರಟಗೆರೆಯ ನಿವೃತ್ತ ಮೇಷ್ಟ್ರು, "ಪಾಪ, ದೊಡ್ಡ ಜೀವ. ನನ್ನದೇನೂ ಅಭ್ಯಂತರವಿಲ್ಲ. ಆದರೆ ನಾನೇ ಮೊದಲು ಹೇಳಿದರೆ ಮಿಕ್ಕವರ ಮೇಲೆ ಹೇರಿದ ಹಾಗಾಗುತ್ತೆ" ಎಂದರು. ಮಧುಗಿರಿಯ ನರ್ಸಮ್ಮ, "ಇಂಥದ್ನ ಫೋನಲ್ಲಿ ಹೇಳ್ಬಾರ್ದು ಕಣಮ್ಮ, ಎಲ್ಲ ಕೂತ್ಕಂಡು ಪ್ರಾರ್ಥನೆ ಮಾಡಿ ಹೇಳಾನ" ಎಂದರು. ಪಾವಗಡದವರು ಸೋಲಾರ್ ಪಾರ್ಕಿನಲ್ಲಿ ವಾಚ್‌ಮನ್. ತಮ್ಮ ತೆಲುಗು ಬೆರೆತ ಮಾತಿನಲ್ಲಿ ಗಟ್ಟಿಯಾಗಿ ಅತ್ತೇಬಿಟ್ಟರು. "ಅಯ್ಯೋ ತಲ್ಲಿ! ಮಿಕ್ಕೋರು ಒಪ್ಕುಂಟೆ ನಂದೂ ಒಪ್ಗೇನೇ ಕಣಮ್ಮ. ಎಲ್ರೂ ಏನಂದ್ರು?"

ಒಬ್ಬರಾದರೂ ಆಗುವುದಿಲ್ಲ ಅಂದಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳವಾಡುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ. ಇವರೆಲ್ಲ ಆಗಲಿ ಅನ್ನುವವರೇ. ಯಾರ ಕಾಲು ಹಿಡಿಯಲಿ? ಕೊನೆಗೆ ಎಲ್ಲರೂ ಮಧುಗಿರಿಯಲ್ಲಿ ಸೇರಿ ಮಾತಾಡಿ ಬರುತ್ತೇವೆ, ಅಲ್ಲಿಯವರೆಗೆ ಧೈರ್ಯವಾಗಿರಿ ಎಂದು ಅಯ್ಯನವರು ಹೇಳಿದರು.

ಮಧ್ಯಾಹ್ನ ಕಳೆಯಿತು. ಅಮ್ಮನ ಮುಖಕ್ಕೆ ಕೂರುವ ನೊಣ ಓಡಿಸುತ್ತ ಕೂತಿದ್ದೆ. ಹೂವಿನ ವಾಸನೆಯ ಜೊತೆ ಇನ್ನೊಂದು ವಾಸನೆ ಸಣ್ಣಗೆ ಶುರುವಾಯಿತು, ಬಂದವರು ಒಬ್ಬೊಬ್ಬರೇ ಎದ್ದು ಅಂಗಳಕ್ಕೆ ಹೋದರು. ನನಗೆ ಹುಚ್ಚು ಹಿಡಿದಂತಾಯಿತು. ಸಮಾಧಿ ಜಾಗಕ್ಕೆ ಓಡಿದೆ. ಗೇಟಿಗೆ ಬೀಗ. ಗುಂಡಿ ತೋಡುವವರು ಹಾರೆ, ಗುದ್ದಲಿ ಇಟ್ಟುಕೊಂಡು ಬಿಸಿಲಲ್ಲಿ ಕೂತಿದ್ದರು. "ಏನಕ್ಕ, ಅಗೀಲೋ ಬ್ಯಾಡ್ವೋ?" ಎಂದು ಕೇಳಿದರು. ಒಂದು ಕಲ್ಲು ಎತ್ತಿಕೊಂಡೆ. ಬೀಗ ಒಡೆದು ಹೂತರೆ ಅಮ್ಮನನ್ನು ಕದ್ದು ಹೂತ ಹಾಗೆ, ನಾಳೆ ಅವಳ ಮೇಲೆ ಅದೂ ಒಂದು ಮಾತಾಗುತ್ತದೆ. ಕಲ್ಲು ಕೆಳಗೆ ಹಾಕಿದೆ. ದೇವರೇ, ನೀನಾದರೂ ಒಬ್ಬನೇ ತೀರ್ಮಾನ ಮಾಡು, ತಂದೆ ಮಗ ಪವಿತ್ರಾತ್ಮ ಮೂವರೂ ಕೂತು ಮಾತಾಡುವ ಹೊತ್ತಲ್ಲ ಇದು ಎಂದು ಅಲ್ಲೇ ನಿಂತು ಬೇಡಿಕೊಂಡೆ. ಕೋಪದಲ್ಲಿ ಬಂದ ಪ್ರಾರ್ಥನೆಯೇ ಅದು, ಆದರೂ ಪೂರಾ ಮನಸ್ಸಿನಿಂದ ಮಾಡಿದ್ದು.

ಮಧುಗಿರಿಯಲ್ಲಿದ್ದ ಅಯ್ಯನವರಿಗೆ ಮತ್ತೆ ಫೋನ್ ಮಾಡಿದೆ. ಪಾವಗಡದವರ ಬಸ್ಸು ಇನ್ನೂ ಬಂದಿಲ್ಲವಂತೆ, ಅವರಿಲ್ಲದೆ ಮಾತು ಶುರು ಮಾಡುವುದು ಸರಿಯಲ್ಲವಂತೆ.

ಹೊತ್ತು ಇಳಿಯುತ್ತಿತ್ತು. ಬೆಳಗಿನಿಂದ ಅಮ್ಮನ ಕಾಲ ಬಳಿ ಕೂತಿದ್ದ ಪಕ್ಕದ ಮನೆ ಅಜ್ಜಿ ನನ್ನ ಸೆರಗು ಹಿಡಿದು ಎಳೆದಳು. "ಎದ್ದೇಳು ಮಗಾ. ನಮ್ಮ ಹೊಲದ ಬದೀಲಿ ಇಕ್ಕಾನ. ನಮ್ಮೋರ್ನೂ ಅಲ್ಲೇ ಮಣ್ಣು ಮಾಡಿರಾದು."

"ನಿಮ್ಮ ಮನೇಲಿ ಕೇಳ್ಬೇಕಲ್ವಾ ಅಜ್ಜಿ?"

"ಏನ್ ಕೇಳಾದು? ಹೆಣ ಕಾಯ್ತದಾ?"

ನಾನು ಎದ್ದೆ. ಗೇಟಿನ ಬಳಿ ಕಾದಿದ್ದವರೇ ಬಂದು ಅಗೆದರು, ಅವಳ ಮಕ್ಕಳೇ ಹೆಗಲು ಕೊಟ್ಟರು. ಗುಂಡಿಯ ಮುಂದೆ ನಿಂತು ನನ್ನ ಬಾಯಿಗೆ ಬಂದ ಪ್ರಾರ್ಥನೆ ಹೇಳಿದೆ, ಅಮ್ಮ ಅಡುಗೆ ಮಾಡುವಾಗ ಗುನುಗುತ್ತಿದ್ದ ಕೀರ್ತನೆಯನ್ನು ಅರ್ಧ ಹಾಡಿದೆ. ಮುಂದಿನ ಸಾಲು ನೆನಪಾಗಲಿಲ್ಲ. ಎತ್ತಿಕೊಡಲು ಸಭೆಯವರು ಯಾರೂ ಇರಲಿಲ್ಲ. ಅಪ್ಪ ಊರಿನ ಆ ಕಡೆ, ಅಮ್ಮ ಈ ಕಡೆ. ಅವಳು ಕೇಳಿದ್ದು ಒಂದೇ, ಅದನ್ನೂ ಮಾಡಲಾಗಲಿಲ್ಲವಲ್ಲ ಎಂದು ಎದೆ ಉರಿಯಿತು.

ಹೊಲದಿಂದ ವಾಪಸು ಬರುವಾಗ ಮನೆ ಮುಂದೆ ಜೀಪು ನಿಂತಿತ್ತು. ಅಯ್ಯನವರು, ನಾಲ್ವರು ಹಿರಿಯರು, ಎಲ್ಲರೂ ಬಂದಿದ್ದರು. ದಣಿದಿದ್ದರೂ ಅಯ್ಯನವರ ಮುಖದಲ್ಲಿ ಸಮಾಧಾನವಿತ್ತು. ಓಡಿಬಂದು ನನ್ನ ಕೈ ಹಿಡಿದರು. "ಒಬ್ಬರದೂ ವಿರೋಧ ಇಲ್ಲಮ್ಮ. ಎಲ್ಲರೂ ಒಂದೇ ಮನಸ್ಸಾದ್ವಿ. ಬೀಗದ ಕೈ ತಂದಿದೀವಿ."

ನನ್ನ ಕೈಯ ಮಣ್ಣು ಅವರ ಕೈಗೂ ಮೆತ್ತಿತು. ಅವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನರ್ಸಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮಣ್ಣು ಮಾಡ್ಬುಟ್ರಾ? ಯಾರ್ನ ಕೇಳಿದ್ರಿ?"

"ಯಾರ್ನೂ ಕೇಳ್ಲಿಲ್ಲ" ಎಂದೆ. ಬೆಳಗಿನಿಂದ ಬಾರದ ಅಳು ಆಗ ಬಂತು.