ಸಮುದ್ರಕ್ಕೆ ಇಪ್ಪತ್ತು ಮಿನಿಟು

ಹೋದ ಚಳಿಗಾಲ ಹುಬ್ಬಳ್ಳಿಯಲ್ಲಿ ಬಾಡಿಗೆ ಕಾರಿನ ಬಾಗಿಲು ತೆರೆದ ಕೂಡಲೇ ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಅದರೊಳಗೆ ತುಸು ಪೆಟ್ರೋಲು, ಯಾರೋ ತಿಂದುಹೋದ ಹುರಿದ ಶೇಂಗಾದ ವಾಸನೆಯೂ ಬೆರೆತಿತ್ತು. ಡ್ರೈವರು ಮುಂದಿನ ಬಾಗಿಲು ಹಿಡಿದು, "ಹಿರ್ಯಾರು ಮುಂದ ಕುಂದರ್ರಿ" ಎಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಯಾಕ್ರಿ, ಸೀಟ ಸುಡತೈತೇನು?" ಎಂದಳು ನನ್ನ ಹೆಂಡತಿ.

"ಭಾಳ ಸುಡತೈತಿ. ಅರವತ್ತ ವರ್ಷದಿಂದ ಸುಡಾಕತ್ತೈತಿ. ನೀ ಕುಂದರು."

ಸುಡುವ ಸೀಟಿನಲ್ಲಿ ತನ್ನನ್ನೇಕೆ ಕೂಡಿಸುವುದೆಂದು ಅವಳು ಗೊಣಗುತ್ತಲೇ ಮುಂದೆ ಹತ್ತಿದಳು. ನಾನು ಹಿಂದೆ ಕುಳಿತೆ. ಕಾರು ಕಾರವಾರದ ದಾರಿ ಹಿಡಿಯಿತು. ನನ್ನ ಮನಸ್ಸು ಮಾತ್ರ ತಾಳಿಕೋಟೆಗೆ ಹೋಯಿತು, ಡ್ರೈವರ್ ಕಾಕಾನ ಮನೆಗೆ...

ನಾನಾಗ ಇಪ್ಪತ್ತೆರಡರ ಮಾಸ್ತರ. ರಾಜ್ಯ ಒಂದಾಗಿ ನಾಲ್ಕೈದು ವರ್ಷವಾಗಿತ್ತು. ತಾಳಿಕೋಟೆಯ ಸಾಲೆಗೆ ನೇಮಕವಾದಾಗ ಕಾಕಾ ತಮ್ಮ ಮನೆಯ ಮುಂದಿನ ಕೋಣೆಯನ್ನು ನನಗೆ ಕೊಟ್ಟಿದ್ದರು. ಅವರು ಇಪ್ಪತ್ತೈದು ವರ್ಷ ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ, ಮುದ್ದೇಬಿಹಾಳದಿಂದ ತಾಳಿಕೋಟೆಗೆ ಖಾಸಗಿ ಮೋಟಾರು ಓಡಿಸಿದವರು. ಆ ಸರ್ವಿಸು ನಿಂತ ಮೇಲೆ ಹತ್ತಿ ವ್ಯಾಪಾರದ ಸಾವ್ಕಾರರೊಬ್ಬರ ಕಾರಿಗೆ ಡ್ರೈವರಾಗಿದ್ದರು. ಬಿಳಿ ಗಡ್ಡ, ಖಾಕಿ ಕೋಟು, ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ. ಆ ದಾರಿಯ ಒಂದೊಂದು ತಗ್ಗನ್ನೂ ಬೀಗರ ಹಾಗೆ ಮಾತಾಡಿಸಬಲ್ಲವರಾಗಿದ್ದರು.

ಅವರ ಹೆಂಡತಿಯನ್ನು ನಾನು ಕಾಕಿ ಎನ್ನುತ್ತಿದ್ದೆ. ಕಾಕಿಗೆ ಜೀವನದಲ್ಲಿ ಒಂದೇ ಒಂದು ತಕರಾರಿತ್ತು. ಗಂಡ ಗಾಡಿ ಹೊಡೆಯುವುದನ್ನು ಆಕೆ ಕಣ್ಣಾರೆ ಕಂಡಿರಲಿಲ್ಲ. ಆಗಿನ ಮೋಟಾರಿನಲ್ಲಿ ಡ್ರೈವರ ಪಕ್ಕದ ಸೀಟು ಗೌಡರಿಗೆ, ಮಾಮಲೇದಾರರಿಗೆ, ಪೊಲೀಸ್ ಜಮಾದಾರರಿಗೆ ಮೀಸಲು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಕಟ್ಟಕಡೆಗೆ, ಗಂಟುಮೂಟೆಗಳ ನಡುವೆ. ತವರಿಗೆ ಹೋಗಿಬರುವಾಗಲೆಲ್ಲ ಕಾಕಿ ಕೂತದ್ದು ಅಲ್ಲಿಯೇ.

"ಊರ ಮಂದಿಯೆಲ್ಲ ಇವರಂಥ ಡ್ರೈವರ್ ಇಲ್ಲಂತಾರ. ಇರಬೇಕು ಬಿಡ್ರಿ ಮಾಸ್ತರ. ನನಗ ಕಂಡದ್ದು ಮಂದಿ ತಲಿ," ಎನ್ನುತ್ತಿದ್ದರು ರೊಟ್ಟಿ ಬಡಿಯುತ್ತ.

ಒಂದು ಸಂಜೆ ಕಾಕಾಗೆ ಈ ಮಾತು ತಾಗಿತು. ಹತ್ತಿಯ ಗದ್ದಲ ಮುಗಿದ ಮೇಲೆ ಸಾವ್ಕಾರರ ಕಾರು ಎಂಟು ದಿನ ಖಾಲಿ ನಿಲ್ಲುವುದಿತ್ತು, ಬೇಕಾದರೆ ಒಯ್ಯಿ ಎಂದು ಸಾವ್ಕಾರರೂ ಹೇಳಿದ್ದರು. ಕಾಕಾ ಕಟ್ಟೆಯ ಮೇಲೆ ನಿಂತು ಸಾರಿದರು: "ಕಾರವಾರಕ್ಕ ಹೋಗೂದು. ಅಲ್ಲಿಂದ ಸಮುದ್ರದ ದಂಡಿ ಹಿಡದು ಮಂಗಳೂರತನಕ. ಅವಸರ ಇಲ್ಲ, ಗಡಿಬಿಡಿ ಇಲ್ಲ. ಇಕಿ ಮುಂದ ಕುಂದರತಾಳ."

ಕಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಆ ಮನೆಯಲ್ಲಿ ಆ ಸದ್ದು ನಡುವೆ ನಿಂತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪಯಣದ ತಯಾರಿಗೆ ನಾನೇ ಪಂಡಿತ. ಸಾಲೆಯ ಗೋಡೆಯ ನಕಾಶೆಯನ್ನು ಹೆಡ್ ಮಾಸ್ತರರಿಗೆ ಹೇಳಿ ಮನೆಗೆ ತಂದೆ. ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ತಂಬಿಗೆ, ಲಟ್ಟಣಿಗೆ, ಕಾಕಾನ ಚಪ್ಪಲಿ ಮತ್ತು ಅದರ ಜೋಡಿಯನ್ನು ಇಟ್ಟೆವು. ಅದು ಹಳೆಯ ಮುಂಬಯಿ ಪ್ರಾಂತದ ನಕಾಶೆ. ಭಟ್ಕಳಕ್ಕೆ ಪ್ರಾಂತವೂ ಮುಗಿದು ಬಣ್ಣವೂ ಮುಗಿದು ಮುಂದೆ ಬರೀ ಬಿಳಿ ಕಾಗದ. ಕಾಕಾ ಆ ಬಿಳಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿದರು. "ಮಾಸ್ತರ, ಭಟ್ಕಳದ ಮುಂದ ರಸ್ತಾ ಇಲ್ಲೇನು?" ರಸ್ತೆ ಇದೆ, ನಕಾಶೆಯಲ್ಲಿಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಇದೆಯೆಂದು ನಾನಾದರೂ ಕಂಡಿದ್ದೆನೇ?

ದೂರ ಅಳೆಯಲು ಕಾಕಾನ ಬಳಿ ಒಂದೇ ಅಳತೆ. ದಾರದಲ್ಲಿ ತಾಳಿಕೋಟೆ–ಮುದ್ದೇಬಿಹಾಳ ಹಿಡಿದು, ಅದನ್ನೇ ಕಡಲ ದಂಡೆಯ ಮೇಲೆ ಹೊರಳಿಸುತ್ತ ಹೋದರು. ಕಾರವಾರದಿಂದ ಕುಮಟೆ ಎರಡೂವರೆ ಟ್ರಿಪ್ಪು ಎಂದರು. ಆಮೇಲೆ ಸಾವಕಾಶವಾಗಿ ಹೋಗುವ ಆ ಪಯಣಕ್ಕೆ ಟೈಮ್ ಟೇಬಲ್ ಬರೆಸಿದರು. "ಬರಕೋರಿ ಮಾಸ್ತರ. ಎಂಟು ಹತ್ತಕ್ಕ ಸಮುದ್ರ ನೋಡೂದು. ಎಂಟು ಇಪ್ಪತ್ತೈದಕ್ಕ ಬಿಡೂದು."

"ಹದಿನೈದು ಮಿನಿಟಿನಾಗ ಸಮುದ್ರ ಮುಗೀತೈತೇನ್ರಿ?" ಎಂದರು ಕಾಕಿ ಒಳಗಿನಿಂದ.

ಕಾಕಾ ಗಡ್ಡ ಕೆರೆದುಕೊಂಡರು. ಬಹಳ ಧಾರಾಳದಿಂದ, "ಇಪ್ಪತ್ತು ಮಾಡ್ರಿ. ಲೇಟ್ ಆದ್ರೂ ಅಡ್ಡಿಯಿಲ್ಲ" ಎಂದರು. ಇಪ್ಪತ್ತೈದು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು ಎಂದು ಕಾಕಿ ಮರುದಿನ ಓಣಿಗೆಲ್ಲ ಹೇಳಿಬಂದರು.

ಕುಮಟೆಯ ಕಡೆ ಮಾಸ್ತರಿಕೆ ಮಾಡುತ್ತಿದ್ದ ನನ್ನ ಗೆಳೆಯನಿಗೆ ಕಾಗದ ಬರೆದಿದ್ದೆ. ಅವನ ಉತ್ತರ ನಮ್ಮ ಎದೆ ಒಡೆಯಿತು. ದಾರಿಗಡ್ಡ ಹೊಳೆಗಳಿವೆ, ಎಷ್ಟೋ ಕಡೆ ಸೇತುವೆಯಿಲ್ಲ, ಎರಡು ದೋಣಿ ಜೋಡಿಸಿ ಹಲಗೆ ಹಾಸಿ ಕಾರನ್ನು ಅದರ ಮೇಲೆ ದಾಟಿಸುತ್ತಾರೆ ಎಂದು ಬರೆದಿದ್ದ. ಕಾಕಾ ಅಪಮಾನವಾದವರಂತೆ ಎದ್ದು ನಿಂತರು. "ನನ್ನ ಗಾಡಿ ದೋಣಿ ಮ್ಯಾಲ ಕುಂತ್ರ ಡ್ರೈವರ್ ಯಾರು? ನಾನೋ, ಅವನೋ?" ಕೊನೆಗೆ, ದೋಣಿಯವನು ಹುಟ್ಟು ಹಾಕಲಿ, ಹಾರ್ನು ಮಾತ್ರ ತಾವೇ ಹೊಡೆಯುವುದು ಎಂದು ರಾಜಿಯಾದರು.

ಕಡಲ ಕಡೆಯ ನೀರೆಲ್ಲ ಉಪ್ಪು ಎಂದು ಯಾರೋ ಕಾಕಿಗೆ ಹೇಳಿದ್ದರು. ಎರಡು ಕೊಡ ಸಿಹಿನೀರು ತುಂಬಿ ಬಾಯಿಗೆ ಬಟ್ಟೆ ಕಟ್ಟಿದರು. ಹಪ್ಪಳದಂತೆ ಒಣಗಿಸಿದ ನೂರು ಕಟಕ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಗಂಟಾದವು. ಹೊರಡುವ ಬೆಳಿಗ್ಗೆ ಹೊಸ ಇಳಕಲ್ಲ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಬಿಸಿಲಿಗೆ ರೆಕ್ಸಿನ್ನು ಆಗಲೇ ಕಾದಿತ್ತು. ಕಾಕಿ ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು, ಕಾಕಾ ಗೇರು ಹಾಕುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಆಕೆಯ ಮುಖ ಆ ಹೊತ್ತಿನಲ್ಲಿ ಎಷ್ಟು ಚೆನ್ನಾಗಿತ್ತು...

ಕಾರು ಓಣಿಯ ತಿರುವಿಗೆ ಬಂತು. ಕಾಕಾ ಬ್ರೇಕು ಹಾಕಿ ಹಿಂತಿರುಗಿದರು. "ಮಾಸ್ತರ, ನಕಾಶಿ ಹಿಡಕೊಂಡು ಹಿಂದ ಕುಂತ್ರ ಹ್ಯಾಂಗ? ಮುಂದ ಬರ್ರಿ."

ಕಾಕಿ ಹೊಸ ಸೀರೆಯ ನೆರಿಗೆ ಎತ್ತಿಕೊಂಡು ಇಳಿದು ಹಿಂದೆ ಬಂದರು. ನಾನು ಮುಂದೆ ಹೋಗಿ ಕೂತೆ. ಹೌದು, ಕೂತೆ. ಬೇಡವೆನ್ನಲಿಲ್ಲ. ಇಡೀ ತಾಲೂಕಿಗೆ ತೋರಿಸುವಂತೆ ನಕಾಶೆಯನ್ನು ಅಗಲಕ್ಕೆ ಬಿಚ್ಚಿ ಹಿಡಿದೆ. ಕಾರವಾರದ ದಾರಿಯೂ ಮೊದಲು ಮುದ್ದೇಬಿಹಾಳದ ಮೇಲೆಯೇ; ಕಾಕಾ ಕಣ್ಣು ಕಟ್ಟಿದರೂ ಅಲ್ಲಿಗೆ ಮುಟ್ಟಬಲ್ಲವರು, ಅಲ್ಲಿಯವರೆಗೆ ನಕಾಶೆ ಯಾತಕ್ಕೆ ಎಂಬುದು ಈ ಪಂಡಿತನಿಗೆ ಹೊಳೆಯಲಿಲ್ಲ.

ನನ್ನ ಮೆರೆದಾಟ ಮೊದಲ ಹಳ್ಳಿಯವರೆಗೆ ಮಾತ್ರ. ಆ ದಿನ ಮುದ್ದೇಬಿಹಾಳದ ಸಂತೆ. ರಸ್ತೆಯ ಬದಿಗೆ ನಿಂತವರು ಡ್ರೈವರ ಮುಖ ಕಂಡು ಹಳೆಯ ರೂಢಿಯಂತೆ ಕೈ ಎತ್ತಿದರು. ಕಾಕಾನ ಕಾಲು ಹಳೆಯ ರೂಢಿಯಂತೆ ಬ್ರೇಕು ಒತ್ತಿತು. "ಬರ್ರಿ ಗೌಡ್ರ!" ಗೌಡರು ಮುಂದೆ ಬಂದರು, ನಾನು ಹಿಂದೆ ಹೋದೆ. ಮುಂದಿನ ಹಳ್ಳಿಯಲ್ಲಿ ಜಮಾದಾರರು ಹತ್ತಿ ಗೌಡರ ಪಕ್ಕ ಒತ್ತಿಕೊಂಡರು. ಎರಡು ಕೋಳಿ ಹಿಡಿದ ಮುದುಕಿ, ಬೆಲ್ಲದ ಪೆಂಟೆ ಹೊತ್ತವನು, ಕೈಗೂಸಿನ ಬಾಣಂತಿ, ಅವಳ ಅಣ್ಣ... ಕೂಸು ಕಾಕಿಯ ತೊಡೆಗೆ ಬಂತು. ಸಿಹಿನೀರಿನ ಕೊಡಗಳು ಕೈಯಿಂದ ಕೈಗೆ ಹೋಗಿ ಅರ್ಧ ದಾರಿಗೇ ಬರಿದಾದವು. ಕಾಕಾ ಹುರುಪಿನಿಂದ "ಸರೀರಿ, ಒಳಗ ಸರೀರಿ! ಇನ್ನೂ ಜಾಗಾ ಐತಿ!" ಎಂದು ಕೂಗುತ್ತಿದ್ದರು. ಸಮುದ್ರ ಅವರಿಗೆ ಪೂರ್ತಿ ಮರೆತೇಹೋಗಿತ್ತು. ಊರು ಇನ್ನೇನು ಬಂತು ಎನ್ನುವಾಗ ಹಿಂದಿನ ಗಾಲಿಯ ಮೇಲೆ ಪಟ್ಟೆಂದು ಸದ್ದಾಗಿ ಕಾರು ಒಂದು ಕಡೆಗೆ ವಾಲಿತು. ಪಾಟಾ, ಅಂದರೆ ಕಾರಿನ ಭಾರ ಹೊರುವ ಉಕ್ಕಿನ ಪಟ್ಟಿ, ಮುರಿದಿತ್ತು.

ವಾಲಿಕೊಂಡೇ ಮುದ್ದೇಬಿಹಾಳದ ಸ್ಟ್ಯಾಂಡಿಗೆ ಬಂದು, ಕಾಕಾ ತಮ್ಮ ಹಳೆಯ ಮೋಟಾರಿನ ಜಾಗದಲ್ಲೇ ಕಾರು ನಿಲ್ಲಿಸಿದರು. ಮಂದಿ ಇಳಿದು ಸಂತೆಗೆ ಹೋದರು. ಕೊನೆಗೆ ಕಾಕಿ ಇಳಿದರು. ಹೊಸ ಸೀರೆಯ ಮೇಲೆ ಕೋಳಿಯ ಪುಕ್ಕ, ಕೂಸಿನ ಕೆಲಸದ ಗುರುತು. ಸೆರಗು ಸರಿಮಾಡಿಕೊಂಡು ನಾಲ್ಕೂ ಕಡೆ ನೋಡಿ ಕೇಳಿದರು:

"ಸಮುದ್ರ ಬಂತೇನ್ರಿ?"

ಕಾಕಾ ನಕ್ಕರು. ಕಾಕಿ ನಗುತ್ತಿಲ್ಲವೆಂದು ತಿಳಿಯಲು ಅವರಿಗೆ ತುಸು ಹೊತ್ತು ಬೇಕಾಯಿತು.

"ಮುಂದ ಕುಂದ್ರಸ್ತೇನಿ ಅಂದಿದ್ರಿ. ಮಾಸ್ತರ ಕುಂತ್ರು, ಗೌಡ್ರು ಕುಂತ್ರು, ಜಮಾದಾರ್ರು ಕುಂತ್ರು. ಸಮುದ್ರ ಯಾರಿಗೆ ಬೇಕಾಗಿತ್ರಿ? ನೀವು ಗಾಡಿ ಹೊಡಿಯೂದು ನೋಡಬೇಕಂತ ಬಂದಿದ್ನಿ. ಇವತ್ತೂ ನನಗ ಕಂಡದ್ದು ಗೌಡ್ರ ರುಮಾಲ."

ನಾನು ನಕಾಶೆಯನ್ನು ಸುತ್ತಿ ಬಗಲಿಗೆ ಇಟ್ಟುಕೊಂಡೆ. ಎಲ್ಲಿಯಾದರೂ ಬಚ್ಚಿಡಲು ಜಾಗವಿದ್ದರೆ ನನ್ನನ್ನೂ ಅದರೊಳಗೆ ಸುತ್ತಿಡುತ್ತಿದ್ದೆ.

ಪಾಟಾ ಬೇಗ ಸಿಗುವಂಥದಲ್ಲ. ಕಮ್ಮಾರನೊಬ್ಬ ಮುರಿದದ್ದಕ್ಕೆ ಕಟ್ಟಿಗೆಯ ಆಸರೆ ಕೊಟ್ಟು ಹಗ್ಗ ಬಿಗಿದು, ಎತ್ತಿನ ಬಂಡಿಗಿಂತ ಜೋರು ಹೋದರೆ ತನ್ನ ಜವಾಬ್ದಾರಿಯಲ್ಲ ಎಂದ. ಕಾಕಾ ಹೋಗಿ ಮುಂದಿನ ಬಾಗಿಲು ತೆರೆದು ಹಿಡಿದರು. ಹೀಗೆ ಬಾಗಿಲು ಹಿಡಿದದ್ದು ಮಾಮಲೇದಾರರಿಗೆ ಬಿಟ್ಟರೆ ಕಾಕಿಗೇ. ಆಕೆ ಸೀರೆಯ ಮೇಲಿನ ಪುಕ್ಕ ಕೊಡವಿ ಹತ್ತಿದರು.

ಹೀಗೆ ನಮ್ಮ ಸಾವಕಾಶದ ಪಯಣ ಶುರುವಾಯಿತು, ತಿರುಗಿ ಮನೆಯ ಕಡೆಗೆ. ಸಂತೆ ಮುಗಿಸಿದವರು ದಾರಿಯುದ್ದಕ್ಕೂ ಕೈ ಎತ್ತಿದರು. ಕಾಕಾನ ಕಾಲು ಬ್ರೇಕಿನ ಕಡೆ ಹೋಗುವುದು, ಕಾಕಿ ಆ ಕಾಲನ್ನೇ ನೋಡುವುದು, ಕಾಲು ಹಿಂದೆ ಸರಿಯುವುದು. ಒಂದು ಬೇವಿನ ಮರದ ಕೆಳಗೆ ಗೌಡರೇ ನಿಂತಿದ್ದರು. ಕಾರಿನ ನಡಿಗೆ ಎಷ್ಟು ಮೆಲ್ಲಗಿತ್ತೆಂದರೆ, "ಏ ಡ್ರೈವರ್, ಏ ತಡಿ!" ಎನ್ನುತ್ತ ಅವರು ಸುಮಾರು ದೂರ ನಮ್ಮ ಪಕ್ಕದಲ್ಲೇ ನಡೆದು ಬಂದರು. ಕಾಕಾ ಎದುರಿನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಹಾರ್ನು ಹೊಡೆದರು, ಅಷ್ಟೇ. ಹಿಂದೆ ನಾನು ರೊಟ್ಟಿಯ ಗಂಟಿನೊಳಗೆ ಮುಖ ಹುದುಗಿಸಿದೆ.

ಸುಗ್ಗಿ ಮುಗಿದ ಕರಿ ಎರೆ ಹೊಲ ಎರಡೂ ಬದಿಗೆ ಮುಗಿಲಿನವರೆಗೆ ಹರಡಿತ್ತು. ಕಾಕಿ ಕಿಟಕಿಯಿಂದ ಕೈ ಹೊರಚಾಚಿದರು. "ಹಿಂಗ ಇರತೈತೇನ್ರಿ ಸಮುದ್ರ?"

"ನಾನೂ ನೋಡಿಲ್ಲ," ಎಂದರು ಕಾಕಾ. ಒಂದು ತಗ್ಗು ತಪ್ಪಿಸಿ, "ಛಲೋ ಹೊಡಿತೇನಿಲ್ಲೋ?" ಎಂದು ಕೇಳಿದರು.

"ಹೂಂ. ಮಂದಿ ಹೇಳಿದ್ದು ಖರೇ ಐತಿ."

ಗೌಡರು ಆರು ತಿಂಗಳು ಮಾತು ಬಿಟ್ಟರು. ಬ್ರೇಕು ಹತ್ತಲಿಲ್ಲ ಎಂದು ಕಾಕಾ ಕೊನೆಯವರೆಗೂ ಸಾಧಿಸಿದರು. ಮರುವರ್ಷ ಹೋಗುವುದೆಂದು ಟೈಮ್ ಟೇಬಲ್ಲನ್ನು ಗೋಡೆಗೆ ಅಂಟಿಸಿದ್ದರು. ಅಷ್ಟರಲ್ಲಿ ಸಾವ್ಕಾರರು ಕಾರು ಮಾರಿದರು, ನನಗೆ ಇಂಡಿಯ ಸಾಲೆಗೆ ವರ್ಗವಾಯಿತು. ಕೆಲವು ವರ್ಷ ಕಾಗದಗಳು ಬಂದವು. ಆಮೇಲೆ ಒಮ್ಮೆ ಹೋದಾಗ ಕಾಕಾ ಇರಲಿಲ್ಲ. ಗೋಡೆಯ ಮೇಲೆ ಆ ಹಾಳೆ ಇನ್ನೂ ಇತ್ತು. ಕಾಕಿ ನನಗೆ ಚಹಾ ಕೊಟ್ಟು, "ಮಾಸ್ತರ, ನೀವರೆ ನೋಡಿ ಬರ್ರಿ" ಎಂದರು. ಅದಾದ ಮೇಲೆ ಅವರೂ ಹೋದರೆಂದು ಯಾರೋ ಹೇಳಿದರು...

ಮುಂದೆ ಕೂಡಿಸಿದ ನನ್ನವಳು ಯಲ್ಲಾಪುರ ದಾಟುವುದರೊಳಗೆ ನಿದ್ದೆ ಹೋಗಿದ್ದಳು. ಈಗ ಹೊಳೆಗೊಂದು ಸೇತುವೆ. ಯಾವ ದೋಣಿಯವನ ಮುಂದೆಯೂ ಯಾವ ಡ್ರೈವರೂ ಮಾನ ಕಳೆದುಕೊಳ್ಳಬೇಕಿಲ್ಲ. ಕಾರವಾರದ ದಂಡೆಯಲ್ಲಿ ಇಳಿದು ಕೈಗಡಿಯಾರ ನೋಡಿಕೊಂಡು ನಿಂತೆ. ನೀರು ಬರುತ್ತಿತ್ತು, ಹೋಗುತ್ತಿತ್ತು. ಸರಿಯಾಗಿ ಇಪ್ಪತ್ತು ಮಿನಿಟಾದಾಗ ಡ್ರೈವರು ಬಂದು, "ಬಿಡೂಣೇನ್ರಿ? ಲೇಟ್ ಆಗತೈತಿ" ಎಂದ.

"ಲೇಟ್ ಆದ್ರೂ ಅಡ್ಡಿಯಿಲ್ಲ" ಎಂದೆ. ನನ್ನ ಕಣ್ಣಿಗೆ ಸಮುದ್ರ ಕಾಣುತ್ತಿರಲಿಲ್ಲ. ಓಣಿಯ ತಿರುವಿನಲ್ಲಿ ಹೊಸ ಸೀರೆಯ ನೆರಿಗೆ ಎತ್ತಿಕೊಂಡು ಮುಂದಿನ ಸೀಟಿನಿಂದ ಇಳಿಯುತ್ತಿದ್ದ ಕಾಕಿ ಕಾಣುತ್ತಿದ್ದರು. ನಕಾಶೆಯನ್ನು ಹಿಂದೆ ಕೂತೂ ಓದಬಹುದಿತ್ತು.