ಕಾಯಕಲ್ಪಕ್ಕೆ ಕೂತವಳು

ಪಾರ್ಲರಿನಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಬಿಳಿ ಕೂದಲಿಗೆ ಕಪ್ಪು ಹಚ್ಚುವುದರಲ್ಲಿ ಎತ್ತಿದ ಕೈ. ಕಿವಿಯ ಹಿಂದೆ ಒಂದು ಕಲೆ ಬಿದ್ದರೆ ಕೇಳಿ. ಮಗಳನ್ನೂ ಮನೆಯಲ್ಲೇ ಕೂರಿಸಿಕೊಂಡು ಈ ಕೆಲಸ ಕಲಿಸಿದ್ದಳು. ತನ್ನ ತಲೆಗೂ ತಪ್ಪದೆ ಹಚ್ಚಿಕೊಳ್ಳುತ್ತಿದ್ದಳು. ನರೆತವಳ ಕೈಗೆ ಯಾರು ತಲೆ ಕೊಡುತ್ತಾರೆ, ಹೇಳಿ!

ಒಂದು ದಿನ ಯಜಮಾನಿ ಅಂಗಡಿಗೆ ‘ಕಾಯಕಲ್ಪ’ ಎಂದು ಹೊಸ ಹೆಸರಿಟ್ಟಳು. ಹಳಬರನ್ನು ಮನೆಗೆ ಕಳಿಸುತ್ತಾರಂತೆ ಎಂಬ ಗುಸುಗುಸು ಜೊತೆಗೇ ಹುಟ್ಟಿತು. ಗಿರಾಕಿಯ ಕುರ್ಚಿಯ ಹಿಂದೆ ನಿಲ್ಲುವುದು ಬಿಟ್ಟರೆ ಬಣ್ಣದಕ್ಕನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

“ಕಾಯಕಲ್ಪ ಅಂದ್ರೆ ಏನು ಟೀಚರಮ್ಮ?” ಎಂದು ಕುರ್ಚಿಯಲ್ಲಿದ್ದ ನಿವೃತ್ತ ಟೀಚರನ್ನು ಕೇಳಿದಳು.

“ಸಂಸ್ಕೃತದ ಮಾತು ಕಣೇ. ಕಾಯ ಅಂದ್ರೆ ಮೈ, ಕಲ್ಪ ಅಂದ್ರೆ ಚಿಕಿತ್ಸೆ ಮಾಡೋ ಕ್ರಮ. ಹಿಂದೆ ಮುದುಕರನ್ನ ಗಾಳಿ ಬೆಳಕಿಲ್ಲದ ಕೋಣೇಲಿಟ್ಟು ಮದ್ದು ಕೊಡ್ತಿದ್ರಂತೆ. ಕೂದಲು, ಹಲ್ಲು ಎಲ್ಲ ಉದುರಿ ಹೊಸದು ಬರುತ್ತೆ, ಹರೆಯ ಮರಳುತ್ತೆ ಅಂತ ನಂಬಿಕೆ.”

“ಹೊರಗೆ ಬರೋದು ಅದೇ ಮನುಷ್ಯನೇ ತಾನೇ?”

“ಮತ್ತಿನ್ಯಾರು ಬರ್ತಾರೆ, ಪೆದ್ದಿ!”

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಾಗಾಗಿ ಯಜಮಾನಿ, “ನಿಮ್ಮ ತಲೆಗೆ ಬಣ್ಣ ನಿಲ್ಸಿ, ಬೋರ್ಡಿಗೆ ಫೋಟೊ ತೆಗೆಯೋಣ,” ಎಂದಾಗ ಒಪ್ಪಿಕೊಂಡಳು. ಮೊದಲು ಬಿಳಿ ತಲೆ, ಆಮೇಲೆ ಕಪ್ಪು ತಲೆ, ಎರಡೂ ತಾನೇ ಎಂದುಕೊಂಡಳು. ಅಯ್ಯೋ ಮರುಳೆ! ತಿಂಗಳುಗಟ್ಟಲೆ ನರೆ ಬಿಟ್ಟುಕೊಂಡು, ಅದರ ಮೇಲೆ ಬಟ್ಟೆ ಕಟ್ಟಿಕೊಂಡು ಓಡಾಡಿದಳು.

ಫೋಟೊದ ದಿನ ಯಜಮಾನಿ, “ಹಲ್ಲಿನ ಸೆಟ್ಟೂ ತೆಗೀರಿ, ಕೆನ್ನೆ ಒಳಗೆ ಹೋಗ್ಲಿ,” ಎಂದಳು. ನಾಚಿಕೆಯಿಂದ ಮೈ ಹಿಡಿಯಾದರೂ ತೆಗೆದು ಕೈಯಲ್ಲಿ ಹಿಡಿದುಕೊಂಡಳು. “ಆಮೇಲಿನ ಫೋಟೊ ಯಾವತ್ತು?” ಎಂದದ್ದಕ್ಕೆ, “ಹೇಳಿ ಕಳಿಸ್ತೀವಿ, ಅಲ್ಲೀವರೆಗೂ ರಜಾ,” ಎಂಬ ಉತ್ತರ ಬಂತು.

ಯಾರೂ ಹೇಳಿ ಕಳಿಸಲಿಲ್ಲ. ತಡೆಯಲಾರದೆ ತಾನೇ ಹೋದಳು. ಬೋರ್ಡು ಆಗಲೇ ಬಾಗಿಲ ಮೇಲೆ ಕೂತಿತ್ತು. ಎಡಕ್ಕೆ ಬೊಚ್ಚು ಬಾಯಿಯ ತಾನು, ಕೆಳಗೆ ‘ಮೊದಲು’. ಬಲಕ್ಕೆ ಅದೇ ಮೂಗು, ಅದೇ ಗಲ್ಲದ ತನ್ನ ಮಗಳು, ಕೆಳಗೆ ‘ಆಮೇಲೆ’. ಒಳಗೆ ಅಮ್ಮನ ಕುರ್ಚಿಯ ಹಿಂದೆ ಮಗಳೇ ನಿಂತು ಯಾರದೋ ತಲೆಗೆ ಬಣ್ಣ ಹಚ್ಚುತ್ತಿದ್ದಳು.

“ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?”

“ಹೇಳಿದ್ರೆ ಫೋಟೊಗೆ ಕೂರ್ತಿದ್ಯಾ?” ಮಗಳು ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. “ನೀನಿಲ್ಲಿ ಓಡಾಡಿದ್ರೆ ಅವೆರಡೂ ಒಬ್ಬಳದೇ ಫೋಟೊ ಅಂತ ಯಾರಮ್ಮ ನಂಬ್ತಾರೆ? ಮುಖ ಮುಚ್ಕೊಂಡು ಹಿಂದಿನ ಬಾಗಿಲಿಂದ ಹೋಗು.”

ಬಣ್ಣದಕ್ಕ ಕದಲಲಿಲ್ಲ. ಗಿರಾಕಿ ತಿರುಗಿ ನೋಡಿದಳು.

“ಅಜ್ಜೀ,” ಎಂದಳು ಮಗಳು ಜೋರಾಗಿ, “ಇಲ್ಲಿ ಕೆಲಸ ಯಾವುದೂ ಖಾಲಿ ಇಲ್ಲ.”