ಮೈಕು ನವೀನನ ಕೈಯಲ್ಲಿತ್ತು

ಮೈಮೇಲೆ ಬರುವುದು, ಗಾಳಿ ಸೋಕುವುದು ಇಂಥ ಮಾತು ಕೇಳಿದರೆ ನನಗೆ ನಗು ಬರುತ್ತಿತ್ತು. ನೆಂಟರಲ್ಲಿ ಯಾರಿಗಾದರೂ ಮೈಮೇಲೆ ಬಂತೆಂದರೆ, ಯಾವಾಗಲೂ ಹೆಂಗಸರಿಗೇ ಏಕೆ ಬರುತ್ತದೆ ಎಂದು ಕೇಳಿ ಬೈಸಿಕೊಂಡವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹಲಸೂರಿನ ಒಂದು ಮದುವೆ ಹಾಲ್‌ನಲ್ಲಿ, ಮಟಮಟ ಮಧ್ಯಾಹ್ನ ನಡೆದದ್ದನ್ನು ಹೇಳಬೇಕಾಗಿದೆ. ಹೇಳುವಾಗ ಸಿಟ್ಟು ಬರುತ್ತದೆ. ಅದನ್ನು ಅಡಗಿಸಿಕೊಂಡು ಬರೆಯುವುದು ನನ್ನಿಂದಾಗದು. ಓದುವವರು ಸಹಿಸಿಕೊಳ್ಳಬೇಕು.

ಆಗ ನಾವು ಜೋಗುಪಾಳ್ಯದಲ್ಲಿ ಬಾಡಿಗೆಗಿದ್ದೆವು. ಮಹಡಿ ಮೇಲಿನ ಮನೆ ಆಂಟನಿಯದು. ಅವನ ತಂದೆ ಕಂಟೋನ್ಮೆಂಟಿನ ಡ್ಯಾನ್ಸ್ ಬ್ಯಾಂಡೊಂದರಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು. ತೀರಿಕೊಂಡಾಗ ಕಪಾಟಿನ ತುಂಬ ಎಲ್‌ಪಿ ರೆಕಾರ್ಡು ಬಿಟ್ಟುಹೋಗಿದ್ದರು. ಹಡಗಿನ ಕೆಲಸದಲ್ಲಿದ್ದ ಆಂಟನಿಯ ಅಣ್ಣ ರಜೆಗೆ ಬಂದಾಗಲೆಲ್ಲ ಅಮೆರಿಕದ ಹಿಪ್-ಹಾಪ್ ಕ್ಯಾಸೆಟ್ಟು ತರುತ್ತಿದ್ದ. ಅಂಗಡಿಯಲ್ಲಿ ಸಿಗುವಂಥವಲ್ಲ; ಯಾರೋ ಮನೆಯಲ್ಲೇ ಕೂತು ಮಾಡಿ ಕೈಯಿಂದ ಕೈಗೆ ಹಂಚಿದವು. ಎಷ್ಟೋ ಕ್ಯಾಸೆಟ್ಟಿನ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ.

ಅವುಗಳಲ್ಲಿ ಒಬ್ಬ ಹೆಂಗಸಿನ ಕ್ಯಾಸೆಟ್ಟೆಂದರೆ ನನಗೆ ಪ್ರಾಣ. ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಬಾಡಿಗೆ ಕೇಳಲು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ ಹಾಗೆ, ದನಿ ಏರಿಸದೆ ಹಾಡುತ್ತಿದ್ದಳು. ಹಿಂದೆ ಹಳೆಯ ಜಾಝ್ ಸಂಗೀತದ ತುಣುಕೊಂದು ಕರಕರ ಎನ್ನುತ್ತ ಸುತ್ತುತ್ತಿತ್ತು. ಆ ತುಣುಕು ತನ್ನಪ್ಪನ ಒಂದು ರೆಕಾರ್ಡಿನಲ್ಲೇ ಇದೆ ಎಂದು ಆಂಟನಿ ಕಂಡುಹಿಡಿದ ದಿನ ನಮಗೆ ಕುಣಿಯುವಷ್ಟು ಖುಷಿ. ಆ ಹೆಂಗಸಿಗೂ ನಮಗೂ ನೆಂಟಸ್ತನ ಕುದುರಿದ ಹಾಗಾಯಿತು. ಸಿಟ್ಟು ಬಂದರೆ ಕೂಗಾಡಬೇಕಿಲ್ಲ, ತಾಳಕ್ಕೆ ಕೂರಿಸಬಹುದು ಎಂದು ನಾನು ಕಲಿತದ್ದು ಅವಳಿಂದ.

ನನ್ನ ಸಿಟ್ಟಿಗೆ ಕಾರಣವಿತ್ತು. ಅಮ್ಮನ ತವರು ಮಹದೇವಪುರ. ಆ ಕಡೆ ಕಂಪನಿಗಳು ಬರತೊಡಗಿ ಹೊಲಗಳಿಗೆ ಬೆಲೆ ಏರಿದಾಗ ನನ್ನ ಸೋದರಮಾವ, "ಖಾತೆ ಬದಲಾಯಿಸಕ್ಕೆ ಬೇಕಮ್ಮ" ಎಂದು ಅಮ್ಮನನ್ನು ಕರೆದೊಯ್ದು ಒಂದು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಹೊಲದಲ್ಲಿ ನನ್ನ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ವಿಷಯ ತಿಳಿದ ಮೇಲೂ ಅವಳು, "ತವರಿನ ಬಾಗಿಲು ಮುಚ್ಚೋಗತ್ತೆ, ಸುಮ್ನಿರು" ಎಂದಳು. ಅಪ್ಪನೂ ಸುಮ್ಮನಾದರು.

ನಾನು ಸುಮ್ಮನಾಗಲಿಲ್ಲ. ಕನ್ನಡದಲ್ಲಿ ಸಾಲು ಕಟ್ಟಿದೆ.

"ಓದಿಲ್ಲ ನಮ್ಮಮ್ಮ, ಓದ್ಸಿಲ್ಲ ನೀವು,
ಹೊಲ ನಿಮ್ ಹೆಸ್ರಿಗೆ, ಮಸಿ ಅವಳ್ ಬೆರ್ಳಿಗೆ."

ಹೀಗೇ ಮುಂದೆ ಹೋಗುತ್ತಿತ್ತು. ಯಾರ ಕೈಗೂ ಸಿಗದಿರಲಿ ಎಂದು ಎಲ್ಲೂ ಬರೆದಿಡಲಿಲ್ಲ. ಆಂಟನಿಯ ಟೇಪ್ ರೆಕಾರ್ಡರಿನಲ್ಲಿ ರೆಕಾರ್ಡ್ ಗುಂಡಿ ಕೆಟ್ಟಿದ್ದರಿಂದ ನನ್ನ ದನಿ ಎಲ್ಲೂ ದಾಖಲಾಗಿರಲಿಲ್ಲ. ಅದು ಹೊರಗಿನಿಂದ ಹೇಗೆ ಕೇಳಿಸುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ನಮ್ಮ ಜೊತೆ ಇನ್ನೊಬ್ಬನಿದ್ದ, ನವೀನ, ಅದೇ ಸೋದರಮಾವನ ಮಗ. ಅವನಿಗೇ ನನ್ನನ್ನು ಕೊಡುವ ಮಾತೂ ಮನೆಯಲ್ಲಿತ್ತು. ಅವನು ಇಂಗ್ಲಿಷಿನಲ್ಲಿ ಹಾಡುತ್ತಿದ್ದ. ನನ್ನ ಸಾಲುಗಳನ್ನು ಮೊದಲ ಸಲ ಕೇಳಿದಾಗ ನೆಲ ನೋಡುತ್ತ ಕೂತಿದ್ದು, "ಸಖತ್ತಾಗಿದೆ" ಎಂದಷ್ಟೇ ಹೇಳಿದ್ದ. ನಾಚಿಕೆಯಾಗಿರಬೇಕು ಎಂದುಕೊಂಡಿದ್ದೆ.

ಹಲಸೂರಿನ ಹುಡುಗರು ಒಂದು ಭಾನುವಾರ ಆ ಮದುವೆ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟುಕೊಂಡರು. ಹಾಡುವವರೆಲ್ಲ ಗಂಡುಹುಡುಗರು. ರೆಕಾರ್ಡು ಹಾಕುವ, ಮೈಕಿನ ಸದ್ದು ಏರಿಳಿಸುವ ಕೆಲಸ ಆಂಟನಿಯದು.

"ನೀನು ಸ್ಟೇಜ್ ಹತ್ತಿದ್ರೆ ಮಾವ ನನ್ನ ಸುಮ್ನೆ ಬಿಡ್ತಾರಾ?" ಎಂದ ನವೀನ. ಮಾವ ಎಂದರೆ ನಮ್ಮಪ್ಪ. "ನೀನು ಬಂದು ಕೇಳು, ಸಾಕು."

"ನನ್ ಸಾಲು?"

"ಅದು ಬೇಡ ಬಿಡು. ನಾನು ಇಂಗ್ಲಿಷ್ದು ಮಾಡ್ತೀನಿ."

ಅಂದು ನಾನು ಹಾಲ್‌ನ ಹಿಂದಿನ ಬಾಗಿಲ ಬಳಿ ನಿಂತಿದ್ದೆ. ನವೀನ ಮೈಕು ಹಿಡಿದ. ಆಂಟನಿ ತನ್ನಪ್ಪನ ರೆಕಾರ್ಡು ಹಾಕಿದ. ಅದರಲ್ಲಿ ವಾದ್ಯವಷ್ಟೇ ಇತ್ತು, ಹಾಡುವವರು ಯಾರೂ ಇರಲಿಲ್ಲ. ನವೀನ ಬಾಯಿ ತೆರೆದು ಹಾಡಿದ್ದು ನನ್ನ ಸಾಲುಗಳನ್ನು. ಮೋಸ ಮಾಡಿದವರನ್ನು, ಮೋಸ ಹೋದವರನ್ನು ಮಾತ್ರ ಬದಲಾಯಿಸಿದ್ದ. ಅವನ ಅಪ್ಪನ ಜಾಗದಲ್ಲಿ ಸರ್ಕಾರ ಬಂದಿತ್ತು, ನನ್ನ ಅಮ್ಮನ ಜಾಗದಲ್ಲಿ ಅವನ ಅಜ್ಜಿ. ಹೊಲ ಕಳೆದುಕೊಂಡವರು ಅವನ ಮನೆಯವರೇ ಎಂಬಂತೆ, ಎದೆ ಮೇಲೆ ಕೈಯಿಟ್ಟುಕೊಂಡು ಹಾಡುತ್ತಿದ್ದ. ಹುಡುಗರು ಕೇಕೆ ಹಾಕುತ್ತಿದ್ದರು. ನನಗೋ, ಓಡಿಹೋಗಿ ಮೈಕು ಕಿತ್ತು ಅವನ ಮುಖಕ್ಕೆ ಬಡಿಯಬೇಕು ಎನ್ನಿಸುತ್ತಿತ್ತು.

"ಓದಿಲ್ಲ" ಎಂದ ನವೀನ, ಮತ್ತೆ ಮೊದಲ ಸಾಲಿಗೆ ಬಂದು.

"ನಮ್ಮಮ್ಮ" ಎಂದು ಸ್ಪೀಕರಿನಿಂದ ಬಂತು. ಹೆಂಗಸಿನ ದನಿ.

ಅವನ ತುಟಿ ಆಡುತ್ತಲೇ ಇತ್ತು. ದನಿ ಅವನದಲ್ಲ. ನನ್ನ ಬಾಯಿ ಬಿಗಿದುಕೊಂಡಿತ್ತು, ಅದಂತೂ ನನಗೆ ಖಂಡಿತ ಗೊತ್ತು. ಆ ದನಿ ಏರದೆ, ಇಳಿಯದೆ, ನಾನು ಕಟ್ಟಿದ್ದನ್ನು ಕಟ್ಟಿದ ಹಾಗೇ ಹೇಳಿತು, ಅಮ್ಮನ ಅಣ್ಣನಾದವನು ಮಾಡಿದ್ದನ್ನೂ ಸೇರಿಸಿ. ಕೇಕೆ ನಿಂತಿತು. ನನ್ನ ಸಾಲು ಮುಗಿದ ಮೇಲೂ ದನಿ ನಿಲ್ಲಲಿಲ್ಲ. ನಾನು ಕಟ್ಟದ ಒಂದು ಸಾಲು ಬಂತು:

"ಬಾವಿ ಪಕ್ಕದ್ ಕನಕಾಂಬರ ನಂಗೆ ಅಂದಿದ್ದ ನಮ್ಮಪ್ಪ."

ಆಮೇಲೆ ರೆಕಾರ್ಡಿನ ತುತ್ತೂರಿ ಮಾತ್ರ ಉಳಿಯಿತು. ನವೀನ ಮೈಕನ್ನು ನೆಲದ ಮೇಲಿಟ್ಟು ಇಳಿದು ಹೋದ. ಹುಡುಗರು ಚಪ್ಪಾಳೆ ತಟ್ಟಿದರು. ಹಿಂದೆ ಟೇಪು ಹಾಕಿ ಆಡಿದ ನಾಟಕ ಎಂದುಕೊಂಡರು. "ಒಳ್ಳೆ ಐಡಿಯಾ ಗುರು" ಎಂದು ಯಾರೋ ಹೇಳಿದ್ದೂ ಕೇಳಿಸಿತು.

ಹಾಲ್‌ನ ಮೆಟ್ಟಿಲ ಮೇಲೆ ಆಂಟನಿ ಬೆವೆತು ಕೂತಿದ್ದ.

"ಅವನು ನಿನ್ ಲೈನ್ಸ್ ಎತ್ಕೊಂಡ ಅಂತ ಗೊತ್ತಾದ ತಕ್ಷಣ ನಂಗೂ ಉರೀತು" ಎಂದ. "ಎರಡ್ನೇ ಸಲ ಓದಿಲ್ಲ ಅಂತಿದ್ದಂಗೇ ಮೈಕ್ ಸೌಂಡು ಪೂರ್ತಿ ಇಳಿಸ್ಬಿಟ್ಟೆ, ಮಗಾ. ಅದು ಬಂದಿದ್ದು ಮೈಕಿಂದ ಅಲ್ಲ."

"ಮತ್ತೆ ಯಾರ ದನಿ ಅದು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನಿಂದೇ ಅಲ್ವಾ?"

ನನಗೆ ಅದು ಅಮ್ಮನ ದನಿಯಾಗಿ ಕೇಳಿಸಿತ್ತು.

ಸಂಜೆ ಮನೆಗೆ ಬಂದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಬೇರೇನೂ ಹೇಳದೆ, "ತಾತನ ಹೊಲದಲ್ಲಿ ಬಾವಿ ಪಕ್ಕ ಕನಕಾಂಬರ ಇತ್ತಾ?" ಎಂದು ಕೇಳಿದೆ. ಅಮ್ಮನ ಕೈ ನಿಂತಿತು.

"ನಿಂಗ್ಯಾರು ಹೇಳಿದ್ರು? ಆ ಜಾಗ ನಂಗೆ ಅಂತ ಅಪ್ಪ ನನ್ ಒಬ್ಳಿಗೇ ಹೇಳಿದ್ದು. ಯಾರ್ ಮುಂದೂ ನಾನು ಬಾಯಿ ಬಿಟ್ಟಿಲ್ಲ."

"ಯಾಕೆ ಬಿಡ್ಲಿಲ್ಲ?" ಎಂದು ಅವಳ ಮೇಲೂ ರೇಗಿದೆ. ಅವಳು ಸೊಪ್ಪಿನ ಕಡೆ ತಿರುಗಿದಳು.

ಮರುದಿನ ಆಂಟನಿ ಮತ್ತು ನಾನು ಆ ರೆಕಾರ್ಡಿನ ಎರಡೂ ಬದಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದೆವು. ತುತ್ತೂರಿ, ಪಿಯಾನೋ, ಕರಕರ ಸದ್ದು. ಅಷ್ಟೇ.

ನವೀನನ ಮನೆಯವರು ಮದುವೆಯ ಮಾತನ್ನು ತಾವಾಗಿಯೇ ಕೈಬಿಟ್ಟರು. ಆ ಹೊಲದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನಾಲ್ಕಾರು ಜನರಿಗೆ ಈ ಕಥೆ ಹೇಳಿ ನೋಡಿದ್ದೇನೆ. ದೇವರೇ ನ್ಯಾಯ ಹೇಳಿದ ಎನ್ನುತ್ತಾರೆ. ಯಾವ ನ್ಯಾಯ? ಒಂದು ಗುಂಟೆಯೂ ಅಮ್ಮನಿಗೆ ಬರಲಿಲ್ಲ. ಹಾಗೆ ಹೇಳಿ ಮುಗಿಸಿ ಕಾಫಿ ಕುಡಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಎಷ್ಟೋ ವರ್ಷಗಳ ಮೇಲೆ, ನೆಂಟರ ಮದುವೆಯೊಂದರಲ್ಲಿ ಕೈ ತೊಳೆಯುವ ಕಡೆ ನವೀನ ಸಿಕ್ಕಿದ. ಆಚೀಚೆ ನೋಡಿ ಹತ್ತಿರ ಬಂದ.

"ಅವತ್ತು ನನ್ ಬಾಯಿ ನಿಲ್ಲಿಸಕ್ಕೆ ಆಗ್ಲಿಲ್ಲ ಕಣೇ. ಏನ್ ಮಾಡ್ದೆ ನೀನು? ಅದನ್ನಾದ್ರೂ ಹೇಳು."

ಅವನ ಮುಖದಲ್ಲಿ ನಿಜವಾದ ಭಯವಿತ್ತು. ನನಗೂ ಗೊತ್ತಿಲ್ಲ ಎಂದು ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಅಮ್ಮನನ್ನು ಬಸ್ಸಿಗೆ ಹತ್ತಿಸಬೇಕಿತ್ತು. ನಾನು ಕೈ ಒರೆಸಿಕೊಂಡು ಹೊರಟುಬಂದೆ.